ಅಮ್ಮನ ಜಪ ಮತ್ತು ನೂರನೇ ನಂಬರಿನ ಯಜಮಾನರು

ರಾತ್ರಿ ಎರಡೂವರೆಗೆ ಮಾನಿಟರ್ ಮತ್ತೆ ಕೂಗಿಕೊಂಡಿತು. ಸ್ಟೂಲಿನ ಮೇಲೆ ತೂಕಡಿಸುತ್ತಿದ್ದವನು ಗಾಬರಿಯಿಂದ ಎದ್ದು ನೋಡಿದರೆ ರಕ್ತದ ಆಮ್ಲಜನಕದ ಸ್ಯಾಚುರೇಷನ್ 74. ಕೋವಿಡ್ ಕಾಲ ದಾಟಿ ಬಂದ ಯಾವ ಮನೆಗೂ ಈ ಅಂಕಿಯ ಅರ್ಥ ಬಿಡಿಸಿ ಹೇಳಬೇಕಿಲ್ಲ. ತೊಂಬತ್ತರ ಕೆಳಗಿಳಿದರೆ ರೋಗಿಗಿಂತ ಮೊದಲು ನಮ್ಮ ಕೈಕಾಲು ತಣ್ಣಗಾಗುತ್ತದೆ. ಆದರೆ ಅಮ್ಮ ಕಣ್ಣು ಮುಚ್ಚಿ ಆರಾಮಾಗಿ ಮಲಗಿದ್ದಳು. ಉಸಿರು ಸಮನಾಗಿತ್ತು. ತುಟಿ ಮಾತ್ರ ಸಣ್ಣಗೆ ಅಲುಗುತ್ತಿತ್ತು.

ರಾಜಾಜಿನಗರದ ಮನೆಯಿಂದ ಆಟೋದಲ್ಲಿ ಹತ್ತು ನಿಮಿಷದ ಆಸ್ಪತ್ರೆ ಅದು. ಐಸಿಯುನಿಂದ ಹೊರಗೆ ತಂದು, ವಾರ್ಡಿಗೆ ಕಳಿಸುವ ಮುಂಚೆ ಎಚ್‌ಡಿಯು ಎಂಬ ನಡುಮನೆಯಲ್ಲಿ ಇಟ್ಟಿದ್ದರು. ಆರು ಹಾಸಿಗೆ, ಆರು ಮಾನಿಟರ್, ರಾತ್ರಿಪಾಳಿಗೆ ಇಬ್ಬರು ಸಿಸ್ಟರ್. ಹಾವೇರಿ ಕಡೆಯ ಹುಡುಗಿಯೊಬ್ಬಳು ಬಂದವಳೇ ಮೊದಲು ಅಮ್ಮನ ಮುಖ ನೋಡಿದಳು, ಆಮೇಲೆ ಕೈ, ಕಡೆಗೆ ಸ್ಕ್ರೀನು. ಆ ಕ್ರಮ ನನಗೆ ಇವತ್ತಿಗೂ ನೆನಪಿದೆ.

‘ಅಜ್ಜಿ, ಕೈ ಅಲ್ಲಾಡಿಸಬ್ಯಾಡ್ರಿ ಅಂದಿದ್ನೆಲ್ರಿ.’

‘ಎಲ್ಲಮ್ಮಾ ಅಲ್ಲಾಡಿಸ್ದೆ? ಸುಮ್ನೆ ಮಲಗಿದೀನಿ.’

ಅಮ್ಮ ಜಪ ಮಾಡುತ್ತಿದ್ದಳು. ಮಣಿಸರ ಮನೆಯಲ್ಲಿತ್ತು, ಹಾಗಾಗಿ ಬೆರಳಿನ ಗೆರೆಗಳ ಮೇಲೆ ಎಣಿಕೆ. ಹೆಬ್ಬೆರಳು ಉಂಗುರ ಬೆರಳು, ಕಿರುಬೆರಳು ಸುತ್ತಿ ತೋರುಬೆರಳಿಗೆ ಬಂದಾಗಲೆಲ್ಲ ಅಲ್ಲಿ ಸಿಕ್ಕಿಸಿದ್ದ ಕ್ಲಿಪ್ಪಿಗೆ ತಾಗುತ್ತಿತ್ತು. ಆ ಕ್ಲಿಪ್ಪು ಬೆರಳಿನ ಮೂಲಕ ಒಂದು ಕೆಂಪು ಬೆಳಕು, ಒಂದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಹಾಯಿಸಿ, ನಾಡಿಯ ಜೊತೆ ಏರಿಳಿಯುವ ರಕ್ತ ಎಷ್ಟೆಷ್ಟು ಬೆಳಕು ನುಂಗಿತು ಎಂದು ಲೆಕ್ಕ ಹಾಕುತ್ತದೆ. ಬೆರಳು ಅಲುಗಿದರೆ ನಾಡಿ ಯಾವುದು, ಅಲುಗಾಟ ಯಾವುದು ಎಂಬ ವಿವೇಚನೆ ಅದಕ್ಕೆ ತಪ್ಪುತ್ತದೆ. ರಾಮನಾಮ ಏರಿದಷ್ಟೂ ಸ್ಯಾಚುರೇಷನ್ ಇಳಿಯುತ್ತಿತ್ತು. ಸಿಸ್ಟರ್ ಗುಂಡಿ ಒತ್ತಿ ಸದ್ದಡಗಿಸಿ ಹೋದಳು. ಇಪ್ಪತ್ತು ನಿಮಿಷಕ್ಕೆ ಮತ್ತೆ ಕೂಗು. ಈ ಸಲ ಅವಳು ದೂರದಿಂದಲೇ ನೋಡಿದಳು.

ಎದೆ ಝಲ್ಲೆಂದದ್ದು ಆಗ. ಆರು ಮಾನಿಟರುಗಳಲ್ಲಿ ಯಾವುದು ನಿಜವಾಗಿ ಕರೆಯುತ್ತಿದೆ, ಯಾವುದು ಸುಮ್ಮನೆ ಅರಚುತ್ತಿದೆ ಎಂದು ಬೆಳಗಿನ ನಾಲ್ಕು ಗಂಟೆಗೆ ಇಪ್ಪತ್ತನಾಲ್ಕು ವರ್ಷದ ಹುಡುಗಿ ಹೇಗೆ ತಿಳಿಯಬೇಕು?

ಇದಕ್ಕೆ ಲೆಕ್ಕ ಇಟ್ಟವರಿದ್ದಾರೆ. ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಶುಶ್ರೂಷಾ ವಿಭಾಗದ ಪ್ರಾಧ್ಯಾಪಕಿ ಬಾರ್ಬರಾ ಡ್ರೂ ಮತ್ತು ತಂಡ 2014ರಲ್ಲಿ ಪ್ರಕಟಿಸಿದ ಅಧ್ಯಯನ ಅದು. 77 ಐಸಿಯು ಹಾಸಿಗೆ, 461 ರೋಗಿಗಳು, 31 ದಿನ. ಅಷ್ಟರಲ್ಲಿ ಮಾನಿಟರುಗಳು ಎಬ್ಬಿಸಿದ ಎಚ್ಚರಿಕೆ 25 ಲಕ್ಷಕ್ಕೂ ಹೆಚ್ಚು. ಕಿವಿಗೆ ಕೇಳುವಂಥವನ್ನಷ್ಟೇ ಎಣಿಸಿದರೂ ದಿನಕ್ಕೆ ಹಾಸಿಗೆಗೆ 187. ಹೃದಯಬಡಿತ ತಪ್ಪಿದೆ ಎಂದು ಕೂಗಿದ 12,671 ಎಚ್ಚರಿಕೆಗಳನ್ನು ಒಂದೊಂದಾಗಿ ಕೂತು ಪರೀಕ್ಷಿಸಿದರೆ ಶೇ 88.8ರಷ್ಟು ಸುಳ್ಳು! ತೋಳ ಬಂತು ತೋಳ ಎಂದು ಕೂಗಿದ ಹುಡುಗ ಕತೆಯಲ್ಲಿ ಎರಡೇ ಸಲ ಸುಳ್ಳು ಹೇಳಿದ್ದ.

ಇಂಥ ಸುಳ್ಳು ಕೂಗು ಗಣಕ ವಿಜ್ಞಾನದವರನ್ನೂ ಆಸ್ಪತ್ರೆಯ ಬಾಗಿಲಿಗೆ ಕರೆತಂದಿತು. 2015ರಲ್ಲಿ ಫಿಸಿಯೋನೆಟ್ ಎಂಬ ಸಂಶೋಧನಾ ಬಳಗ ಜಗತ್ತಿನ ಎಲ್ಲ ಪ್ರಯೋಗಾಲಯಗಳಿಗೂ ಒಂದು ಸವಾಲು ಹಾಕಿತು: ಐಸಿಯು ಮಾನಿಟರುಗಳ 750 ನಿಜವಾದ ದಾಖಲೆ ಕೊಡುತ್ತೇವೆ, ಸುಳ್ಳು ಕೂಗನ್ನು ಸೋಸುವ ಪ್ರೋಗ್ರಾಂ ಬರೆಯಿರಿ, ನಮ್ಮ ಬಳಿ ಮುಚ್ಚಿಟ್ಟುಕೊಂಡ 500 ದಾಖಲೆಗಳ ಮೇಲೆ ಅದನ್ನು ಓಡಿಸಿ ಅಂಕ ಕೊಡುತ್ತೇವೆ. ಅಂಕ ಕೊಡುವ ಸೂತ್ರದಲ್ಲೊಂದು ಕಟ್ಟುನಿಟ್ಟು ಇತ್ತು. ಸುಳ್ಳು ಕೂಗನ್ನು ಬಾಯಿ ಮುಚ್ಚಿಸದೆ ಬಿಟ್ಟರೆ ಒಂದು ಪಾಲು ದಂಡ, ನಿಜದ ಕೂಗನ್ನು ಸುಳ್ಳೆಂದು ಅಡಗಿಸಿದರೆ ಐದು ಪಾಲು. ಆ ಐದರ ಹಿಂದೆ ಒಬ್ಬ ಸಿಸ್ಟರ್ ಸ್ವರ ಕೇಳಿದಂತಾಗುತ್ತದೆ ನನಗೆ. ಸದ್ದು ಮಾಡಿದರೆ ಮಾಡಿಕೊಳ್ಳಲಿ, ಜೀವ ಹೋಗುವಾಗ ಸುಮ್ಮನಿರಬಾರದು.

ಅಮ್ಮ ಮನೆಗೆ ಬಂದ ಮೇಲೆ ಅಕ್ಕನ ಮಗ ನೋಡಲು ಬಂದ. ಕೆಂಗೇರಿ ದಾಟಿ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕೊನೆಯ ವರ್ಷ. ಮೈಸೂರು ರಸ್ತೆಯ ಆರ್‌.ವಿ. ಕಾಲೇಜಿನಿಂದ ಮಲ್ಲತ್ತಹಳ್ಳಿಯ ಅಂಬೇಡ್ಕರ್ ತಾಂತ್ರಿಕ ಕಾಲೇಜು, ಉತ್ತರಹಳ್ಳಿ–ಕೆಂಗೇರಿ ರಸ್ತೆಯ ಜೆಎಸ್‌ಎಸ್‌ವರೆಗೆ ನಮ್ಮ ಈ ಪಡುವಲ ದಿಕ್ಕಿನಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿಗೇನು ಬರ? ಪ್ರಾಜೆಕ್ಟ್ ಎಂದರೆ ಕೆಲ ವರ್ಷಗಳ ಹಿಂದೆ ಪಾರ್ಕಿಂಗ್ ವ್ಯವಸ್ಥೆ, ಹಾಜರಾತಿ ಆ್ಯಪ್. ಈಗ ಹೃದಯ. ‘ಇಸಿಜಿ ನೋಡಿ ಬಡಿತ ತಪ್ಪಿದ್ದನ್ನ ಎಐ ಹೇಳತ್ತೆ ಮಾಮ’ ಎಂದು ಲ್ಯಾಪ್‌ಟಾಪ್ ತೆರೆದ. ಪರದೆಯ ಮೇಲೆ ಗೆರೆ ಓಡತೊಡಗಿತು. ‘ಇದು ರೆಕಾರ್ಡ್ ನೂರು. ಎಲ್ಲರೂ ಇದರಿಂದಲೇ ಶುರು ಮಾಡೋದು.’

ಯಾರಪ್ಪ ಇವರು ಎಂದೆ. ಅವನಿಗೆ ಗೊತ್ತಿರಲಿಲ್ಲ. ಕಡತದ ತಲೆಯಲ್ಲಿ ಬರೆದಿತ್ತು: ವಯಸ್ಸು 69, ಗಂಡಸು. ಜೊತೆಗೆ ಅವರು ನುಂಗುತ್ತಿದ್ದ ಎರಡು ಮಾತ್ರೆಗಳ ಹೆಸರು. ಹೆಸರಿಲ್ಲ, ಊರಿಲ್ಲ. ಬಾಸ್ಟನ್ನಿನ ಬೆತ್ ಇಸ್ರೇಲ್ ಆಸ್ಪತ್ರೆಯಲ್ಲಿ 1975ರಿಂದ 1979ರೊಳಗೆ ಯಾವತ್ತೋ ಎದೆಗೆ ತಂತಿ ಅಂಟಿಸಿಕೊಂಡ ಯಜಮಾನರು. ಅಂಥ 47 ಜನರ, ಅರ್ಧರ್ಧ ಗಂಟೆಯ 48 ತುಣುಕುಗಳನ್ನು ಎಂಐಟಿಯವರು ಮತ್ತು ಆ ಆಸ್ಪತ್ರೆಯವರು ಸೇರಿ 1980ರಲ್ಲಿ ಟೇಪಿನ ಸುರುಳಿಯಲ್ಲಿ ಹಂಚಿದರು. ಜನ 47, ತುಣುಕು 48 ಹೇಗೆ? 201 ಮತ್ತು 202 ಒಬ್ಬರದೇ ಎದೆಯ ಗೆರೆ.

ಈ ದಾಖಲೆಗೆ ಮರ್ಯಾದೆ ಬಂದದ್ದು ಟೇಪಿನಿಂದಲ್ಲ, ಪೆನ್ನಿನಿಂದ. ಸುಮಾರು 1,10,000 ಗುರುತುಗಳು. ಒಂದೊಂದು ಬಡಿತವನ್ನೂ ಕನಿಷ್ಠ ಇಬ್ಬರು ಹೃದಯತಜ್ಞರು ಬೇರೆಬೇರೆಯಾಗಿ ಕೂತು ನೋಡಿ ‘ಇದು ಸರಿ, ಇದು ಅಡ್ಡ’ ಎಂದು ಗುರುತು ಹಾಕಿದ್ದರು. ಅಭಿಪ್ರಾಯಭೇದ ಬಂದಲ್ಲಿ ಮತ್ತೆ ಕೂತು ತೀರ್ಮಾನಿಸಿದ್ದರು. ಎಐ ‘ಕಲಿಯುತ್ತದೆ’ ಎನ್ನುತ್ತೇವಲ್ಲ, ಅದು ಕಲಿಯುವುದು ಈ ಗುರುತುಗಳನ್ನು. ಮಗ್ಗಿ ಪುಸ್ತಕವಿಲ್ಲದೆ ಮಗ್ಗಿ ಬರುವುದಿಲ್ಲ. ನಲವತ್ತೈದು ವರ್ಷವಾದರೂ ಕೆಂಗೇರಿಯ ಹುಡುಗ ಬಾಸ್ಟನ್ನಿನ ಯಜಮಾನರ ಎದೆಯ ಮೇಲೇ ಮಗ್ಗಿ ಕಲಿಯುತ್ತಿದ್ದಾನೆ. ಅವನ ಪ್ರೋಗ್ರಾಂ 98 ಪರ್ಸೆಂಟ್ ಸರಿಯಂತೆ. ‘ಅಜ್ಜಿ ಇಸಿಜಿ ಹಾಕಿ ನೋಡೋ’ ಎಂದೆ. ನಮ್ಮ ಹತ್ತಿರ ಇದ್ದದ್ದು ಮಾಸಿಹೋದ ಗುಲಾಬಿ ಕಾಗದದ ಒಂದು ತುಂಡು. ಅದು ಅವನ ಕಂಪ್ಯೂಟರಿಗೆ ಹಿಡಿಸುವ ರೂಪದಲ್ಲಿರಲಿಲ್ಲ. ಇಬ್ಬರೂ ನಕ್ಕೆವು.

ಯಾರ ಮೇಲೆ ಕಲಿತರೇನು, ಎದೆ ಎಲ್ಲರಿಗೂ ಒಂದೇ ಅಲ್ಲವೇ ಎನ್ನುವವರಿಗೆ ಆ ಬೆರಳಿನ ಕ್ಲಿಪ್ಪೇ ಉತ್ತರ. ಜಪಾನಿನ ತಾಕುವೊ ಅವೊಯಾಗಿ 1970ರ ದಶಕದಲ್ಲಿ ಅದರ ತತ್ವ ಕಂಡುಹಿಡಿದ ಮೇಲೆ ಅದು ಜಗತ್ತೆಲ್ಲ ಹರಡಿತು. ಚರ್ಮದ ಬಣ್ಣಕ್ಕೂ ಬೆಳಕು ನುಂಗುವ ಗುಣವಿದೆ ಎನ್ನುವುದು ಗೊತ್ತಿದ್ದರೂ ಯಾರೂ ಹೆಚ್ಚು ತಲೆ ಕೆಡಿಸಿಕೊಂಡಿರಲಿಲ್ಲ. 2020ರ ಡಿಸೆಂಬರಿನಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ವೈದ್ಯರು ಕ್ಲಿಪ್ಪಿನ ಅಂಕಿಯನ್ನೂ ರಕ್ತ ತೆಗೆದು ಅಳೆದ ಅಂಕಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಕ್ಲಿಪ್ಪು 92ರಿಂದ 96 ತೋರಿಸುತ್ತಿದ್ದಾಗ, ಒಳಗೆ ನಿಜವಾಗಿ 88ಕ್ಕಿಂತ ಕೆಳಗಿದ್ದವರು ಬಿಳಿಯರಲ್ಲಿ ಶೇ 3.6, ಕಪ್ಪು ಜನರಲ್ಲಿ ಶೇ 11.7. ಎರಡನೇ ಅಲೆಯಲ್ಲಿ ಮೆಡಿಕಲ್ ಸ್ಟೋರ್ ಮೆಡಿಕಲ್ ಸ್ಟೋರ್ ಅಲೆದು, ಸಿಕ್ಕಿದ ಬೆಲೆಗೆ ಕ್ಲಿಪ್ಪು ತಂದು, ‘94 ಇದೆ, ಪರವಾಗಿಲ್ಲ’ ಎಂದು ಸಮಾಧಾನಪಟ್ಟುಕೊಂಡ ನಮ್ಮ ಎಣ್ಣೆಗೆಂಪು, ಕಡುಗಪ್ಪು ಬೆರಳುಗಳನ್ನು ನೆನೆದುಕೊಂಡರೆ ಈಗಲೂ ಕಸಿವಿಸಿ.

ಅದೇ ಕಾಲದಲ್ಲಿ ನಮ್ಮ ಮಗ್ಗುಲಲ್ಲೇ ನಮ್ಮವರ ಉಸಿರನ್ನು ಕೂಡಿಹಾಕುವ ಕೆಲಸ ನಡೆದಿತ್ತು. ನವರಂಗ್ ಕಡೆಯಿಂದ ಮಲ್ಲೇಶ್ವರ ಹಾದು ಹೋದರೆ ಸಿಗುವ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಹಳಬರು ಈಗಲೂ ಕರೆಯುವುದು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ. ಅಲ್ಲಿನ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ವಿಭಾಗದಲ್ಲಿ ಶ್ರೀರಾಮ್ ಗಣಪತಿಯವರ ‘ಲೀಪ್’ ಪ್ರಯೋಗಾಲಯ ಮಾತಿನ ಧ್ವನಿಯ ಮೇಲೆ ಕೆಲಸ ಮಾಡುವಂಥದ್ದು. 2020ರ ಏಪ್ರಿಲ್, ಲಾಕ್‌ಡೌನ್. ಅವರು ‘ಕೋಸ್ವರ’ ಶುರು ಮಾಡಿದರು. ಕೊರೊನಾ ಮತ್ತು ಸ್ವರ ಸೇರಿ ಕೋಸ್ವರ. ಫೋನನ್ನು ಬಾಯಿಯ ಹತ್ತಿರ ಹಿಡಿದು ಒಂಬತ್ತು ಸದ್ದು ಮಾಡಿ ಕಳಿಸಬೇಕು: ಮೇಲುಮೇಲಿನ ಉಸಿರು, ಆಳದ ಉಸಿರು, ಸಣ್ಣ ಕೆಮ್ಮು, ಜೋರು ಕೆಮ್ಮು, ಮೂರು ಸ್ವರಾಕ್ಷರಗಳನ್ನು ಎಳೆಯುವುದು, ಒಂದರಿಂದ ಇಪ್ಪತ್ತರವರೆಗೆ ಸಾಮಾನ್ಯ ವೇಗದಲ್ಲಿ ಒಮ್ಮೆ, ಬೇಗ ಬೇಗ ಒಮ್ಮೆ ಎಣಿಸುವುದು. ನಾನೂ ಕಳಿಸಿದ್ದೆ. ಬಾಲ್ಕನಿಯಲ್ಲಿ ನಿಂತು ಕೆಮ್ಮಿದ್ದು ಪಕ್ಕದ ಮನೆಯವರಿಗೆ ಕೇಳಿಸಿ, ಮೂರು ದಿನ ಅವರು ಕಿಟಕಿ ತೆರೆಯಲಿಲ್ಲ.

2022ರ ಫೆಬ್ರುವರಿವರೆಗೆ 2,635 ಜನ ದನಿ ಕೊಟ್ಟರು. ಅವರಲ್ಲಿ ಸೋಂಕಿದ್ದವರು 674, ಇಲ್ಲದವರು 1,819, ವಾಸಿಯಾದವರು 142. ಒಟ್ಟು 65 ಗಂಟೆಯ ಕೆಮ್ಮು, ಉಸಿರು, ಎಣಿಕೆ. ಬಂದ ಸದ್ದನ್ನು ಮನುಷ್ಯರೇ ಕೂತು ಕೇಳಿ, ಇದು ಚೆನ್ನಾಗಿದೆ, ಇದು ಸುಮಾರು, ಇದು ಕೆಟ್ಟಿದೆ ಎಂದು ಗುರುತು ಹಾಕಿದರು. ಅರವತ್ತೈದು ಗಂಟೆ ಅಪರಿಚಿತರ ಕೆಮ್ಮು ಕೇಳುವ ಕೆಲಸವನ್ನು ನೀವು ಕಲ್ಪಿಸಿಕೊಳ್ಳಿ! ಆಮೇಲೆ ಅದನ್ನೆಲ್ಲ ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟುಕೊಟ್ಟರು. 2021ರಲ್ಲಿ ಇದೇ ಸದ್ದುಗಳನ್ನಿಟ್ಟುಕೊಂಡು ‘ಡೈಕೋವಾ’ ಎಂಬ ಸವಾಲೂ ನಡೆಯಿತು.

ಕೆಮ್ಮು ಕೇಳಿ ಕೋವಿಡ್ ಹೇಳುವ ಆಸೆ ಏನಾಯಿತು? ಬ್ರಿಟನ್ನಿನಲ್ಲಿ 67,842 ಜನರ ದನಿ ಸೇರಿಸಿ ಇದನ್ನು ನಿಷ್ಠುರವಾಗಿ ಒರೆಗೆ ಹಚ್ಚಿದರು. ಫಲಿತಾಂಶ ಬಂದದ್ದು 2024ರಲ್ಲಿ. ಮೊದಲ ನೋಟಕ್ಕೆ ಎಐಗೆ ಒಂದಕ್ಕೆ 0.846 ಅಂಕ. ವಯಸ್ಸು, ರೋಗಲಕ್ಷಣ ಇವನ್ನೆಲ್ಲ ಸರಿದೂಗಿಸಿ ಮತ್ತೆ ನೋಡಿದರೆ 0.619. ನಾಣ್ಯ ಚಿಮ್ಮಿದರೂ 0.5 ಬರುತ್ತದೆ. ಎಐ ಹಿಡಿಯುತ್ತಿದ್ದದ್ದು ವೈರಸ್ಸನ್ನಲ್ಲ, ಕಾಯಿಲೆಯಾಗಿ ನರಳುತ್ತಿದ್ದವರು ಹೇಗೂ ಬೇರೆಯಾಗಿ ಕೇಳಿಸುತ್ತಾರೆ ಎನ್ನುವುದನ್ನು. ನನ್ನ ಮಟ್ಟಿಗೆ ಕೋಸ್ವರದ ಬೆಲೆ ಇದರಿಂದ ಇಳಿಯುವುದಿಲ್ಲ. ಪರೀಕ್ಷೆ ಉಳಿಯದಿರಬಹುದು, ಕಣಜ ಉಳಿಯಿತು. ನಮ್ಮ ದೇಶದ ಎದೆಗೂಡು ಹೇಗೆ ಸದ್ದು ಮಾಡುತ್ತದೆ ಎಂದು ಕೇಳಬೇಕಾದವರಿಗೆ ಈಗೊಂದು ಜಾಗವಿದೆ.

ಅದೇ ವಿಭಾಗದಲ್ಲಿ ಪ್ರಶಾಂತ ಕುಮಾರ್ ಘೋಷ್ ಅವರ ‘ಸ್ಪೈರ್’ ಪ್ರಯೋಗಾಲಯ ನಿಮ್ಹಾನ್ಸ್ ಜೊತೆ ಸೇರಿ ಮಾಡುತ್ತಿರುವುದು ಇನ್ನೂ ನಿಧಾನದ, ಇನ್ನೂ ಹತ್ತಿರದ ಕೆಲಸ. ಎಎಲ್‌ಎಸ್ ಎಂಬ ಕಾಯಿಲೆ ಸ್ಟೀಫನ್ ಹಾಕಿಂಗ್ ಅವರಿಂದಾಗಿ ಎಲ್ಲರಿಗೂ ಪರಿಚಿತ. ಸ್ನಾಯುಗಳನ್ನು ಆಡಿಸುವ ನರಕೋಶಗಳು ಒಂದೊಂದಾಗಿ ಸಾಯುತ್ತವೆ. ಕೆಲವರಿಗೆ ಕೈಯಿಂದ ಶುರು, ಕೆಲವರಿಗೆ ನಾಲಿಗೆಯಿಂದ. ವೈದ್ಯರು ಕಾಯಿಲೆ ಎಷ್ಟು ಮುಂದುವರಿಯಿತೆಂದು ಅಳೆಯಲು ಹನ್ನೆರಡು ಪ್ರಶ್ನೆಗಳ ಒಂದು ಪಟ್ಟಿ ಬಳಸುತ್ತಾರೆ. ಮೊದಲನೆಯದೇ ಮಾತು: ಸರಿಯಿದ್ದರೆ 4, ಪೂರ್ತಿ ಹೋದರೆ 0. ನಾಲ್ಕರಿಂದ ಮೂರಕ್ಕೆ ಇಳಿಯುವ ನಡುವೆ ಎಷ್ಟೋ ತಿಂಗಳ ಸವೆತವಿರುತ್ತದೆ, ಪಟ್ಟಿಗೆ ಅದು ಕಾಣಿಸುವುದಿಲ್ಲ. ಆ ಸಣ್ಣ ಸವೆತವನ್ನು ದನಿಯಲ್ಲಿ ಹಿಡಿಯಬಹುದೇ ಎನ್ನುವುದು ಪ್ರಶ್ನೆ. ಹಿಡಿದರೆ ದೂರದೂರಿನ ರೋಗಿ ನಿಮ್ಹಾನ್ಸಿನ ಸರದಿಯಲ್ಲಿ ನಿಲ್ಲದೆ ಮನೆಯಿಂದಲೇ ತನ್ನ ದನಿ ಕಳಿಸಿ ನಿಗಾದಲ್ಲಿ ಇರಬಹುದು.

ರೋಗಿಗಳಿಗೆ ಕೊಡುವ ಕೆಲಸ ಸರಳ. ಚಿತ್ರ ನೋಡಿ ವರ್ಣಿಸುವುದು, ತಮಗೆ ತೋಚಿದ್ದನ್ನು ತಮ್ಮ ಮಾತಿನಲ್ಲಿ ಹೇಳುವುದು, ಒಂದೇ ಅಕ್ಷರ ಎಳೆಯುವುದು. ಮತ್ತೆ ಉಸಿರು ಬಿಡದೆ ‘ಪ-ತ-ಕ, ಪ-ತ-ಕ, ಪ-ತ-ಕ’ ಎನ್ನುವುದು. ಈ ಕೊನೆಯದು ಮಾತಿನ ಚಿಕಿತ್ಸಕರು ಜಗತ್ತೆಲ್ಲ ಬಳಸುವ ಹಳೆಯ ಪರೀಕ್ಷೆ. ಕನ್ನಡ ಕಲಿತವನಿಗೆ ಅದರಲ್ಲೊಂದು ಪರಿಚಿತ ಮುಖ ಕಾಣುತ್ತದೆ. ಸ್ಲೇಟಿನ ಮೇಲೆ ಕ-ಚ-ಟ-ತ-ಪ ತಿದ್ದುವಾಗ ನಾವು ಗಂಟಲ ಬುಡದಿಂದ ಹೊರಟು ತುಟಿಯವರೆಗೆ ನಡೆದು ಬರುತ್ತೇವೆ. ವರ್ಣಮಾಲೆ ಜೋಡಿಸಿದವರು ಬಾಯೊಳಗಿನ ಜಾಗ ನೋಡಿಯೇ ಸಾಲು ಕಟ್ಟಿದ್ದು. ಪ-ತ-ಕ ಅದೇ ದಾರಿಯಲ್ಲಿ ವಾಪಸು ನಡಿಗೆ. ತುಟಿ, ನಾಲಿಗೆಯ ತುದಿ, ನಾಲಿಗೆಯ ಬುಡ. ಒಂದು ಸಲ ಈ ಪುಟ ಕೆಳಗಿಟ್ಟು ಹೇಳಿ ನೋಡಿ. ಹತ್ತು ಸಲ ತಡವರಿಸದೆ ಬಂದರೆ ಮೆದುಳಿನಿಂದ ಹೊರಟ ಆಜ್ಞೆ ಮೂರೂ ಬಾಗಿಲಿಗೆ ಸರಿಯಾಗಿ ತಲುಪುತ್ತಿದೆ. ಎಎಲ್‌ಎಸ್ ಬಂದವರಲ್ಲಿ ವೇಗ ತಗ್ಗುತ್ತದೆ, ‘ತ’ ಮೆತ್ತಗಾಗುತ್ತದೆ, ಮೂರಕ್ಷರದ ನಡುವಿನ ಗೋಡೆ ಕರಗುತ್ತದೆ.

ದನಿ ಕೊಟ್ಟವರಲ್ಲಿ ಕನ್ನಡ, ತೆಲುಗು, ತಮಿಳು, ಹಿಂದಿ, ಬಂಗಾಳಿ, ಒಡಿಯಾ ಮಾತಾಡುವವರಿದ್ದಾರೆ. ಮಾತು ಎಷ್ಟು ತೊದಲಿದೆ ಎಂದು ಅಂಕ ಹಾಕಿದವರು ಮಾತಿನ ಚಿಕಿತ್ಸಕರು. ಒಬ್ಬರ ಕಿವಿಯನ್ನೇ ನೆಚ್ಚದೆ ಒಂದಕ್ಕಿಂತ ಹೆಚ್ಚು ಕಿವಿ. ಬಾಸ್ಟನ್ನಿನಲ್ಲಿ ಪೆನ್ನು ಹಿಡಿದ ಹೃದಯತಜ್ಞರ ಜಾಗದಲ್ಲಿ ಇಲ್ಲಿ ಅವರು. 2018ರಿಂದಲೇ ಈ ಸಂಶೋಧನೆಯ ಪ್ರಬಂಧಗಳು ಬರುತ್ತಿವೆ, ಎಂಜಿನಿಯರುಗಳ ಹೆಸರಿನ ಜೊತೆಗೆ ನಿಮ್ಹಾನ್ಸಿನ ನರತಜ್ಞರ, ಮಾತಿನ ಚಿಕಿತ್ಸಕರ ಹೆಸರೂ ಸಾಲಾಗಿ ಇರುತ್ತವೆ. ದಿನದಿನಕ್ಕೆ ದನಿ ಕಳೆದುಕೊಳ್ಳುತ್ತಿರುವವರು ಇರುವಷ್ಟು ದನಿಯಲ್ಲಿ ಪ-ತ-ಕ ಎಂದು ಕೊಟ್ಟು ಹೋಗುತ್ತಾರೆ. ಅವರ ಹೆಸರು ಎಲ್ಲೂ ಇರುವುದಿಲ್ಲ, ಇರಲೂ ಬಾರದು.

ಅಂದಹಾಗೆ ಹೆಸರಿನ ವಿಷಯ. ಅಮ್ಮನನ್ನು ಸೇರಿಸುವಾಗ ನನ್ನಿಂದ ಏಳು ಕಡೆ ಸಹಿ ಹಾಕಿಸಿದರು. ಒಂದರಲ್ಲಿ ‘ಶಿಕ್ಷಣ ಮತ್ತು ಸಂಶೋಧನೆಗಾಗಿ ರೋಗಿಯ ಮಾಹಿತಿ ಬಳಸಬಹುದು’ ಎಂಬರ್ಥದ ಸಾಲಿತ್ತು ಎಂದು ತಿಳಿದದ್ದು ಬಿಲ್ಲು ಕಟ್ಟಿ ಮನೆಗೆ ಬಂದ ಮೇಲೆ, ಕಡತ ತಿರುವಿದಾಗ. ಇಂಗ್ಲಿಷಿನಲ್ಲಿತ್ತು, ಇರುವೆ ಸಾಲಿನಂಥ ಅಕ್ಷರ. ಕನ್ನಡದಲ್ಲಿ ಕೇಳಿದ್ದರೆ ಅಮ್ಮ ‘ಯಾರಿಗಾದ್ರೂ ಉಪಯೋಗ ಆಗೋದಾದ್ರೆ ತಗೊಳ್ಳಿ’ ಎಂದೇ ಹೇಳುತ್ತಿದ್ದಳು. ಕೇಳಲಿಲ್ಲ, ಅಷ್ಟೇ. ಎಐ ಸಂಶೋಧನೆಗೆ ಐಸಿಎಂಆರ್ 2023ರಲ್ಲಿ ನೀತಿಸೂತ್ರ ಹೊರಡಿಸಿತು, ಅದೇ ವರ್ಷ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆಯೂ ಬಂತು. ರಾತ್ರಿ ಹನ್ನೊಂದಕ್ಕೆ ಕ್ಯಾಷ್ ಕೌಂಟರಿನ ಮುಂದೆ ನಿಂತವನಿಗೆ ಅದು ಇನ್ನೂ ತಲುಪಬೇಕು.

ಮಾಹಿತಿ ಆಸ್ಪತ್ರೆಯ ಗೇಟು ದಾಟದೆಯೇ ಎಲ್ಲರೂ ಸೇರಿ ಕಲಿಯುವ ಉಪಾಯವೂ ಒಂದಿದೆ. ನಮ್ಮ ಮನೆಗಳಲ್ಲಿ ಮೊಸರು ಕೆಟ್ಟರೆ ಪಕ್ಕದ ಮನೆಯಿಂದ ಒಂದು ಚಮಚ ಹೆಪ್ಪು ತರುವುದಿಲ್ಲವೇ, ಹಾಗೆ. ಹಾಲು ಅವರವರ ಪಾತ್ರೆಯಲ್ಲೇ ಇರುತ್ತದೆ, ಮನೆಯಿಂದ ಮನೆಗೆ ಓಡಾಡುವುದು ಹೆಪ್ಪು. ಪ್ರತಿ ಆಸ್ಪತ್ರೆಯಲ್ಲೂ ಎಐ ಅಲ್ಲಿನ ರೋಗಿಗಳಿಂದ ಕಲಿತು, ಕಲಿತದ್ದರ ಸಾರವನ್ನಷ್ಟೇ ಕಳಿಸುತ್ತದೆ. ಎಲ್ಲರ ಸಾರ ಬೆರೆಸಿ ಮತ್ತೆ ಎಲ್ಲರಿಗೂ ಹಂಚುತ್ತಾರೆ. ಕೋವಿಡ್ ಸಮಯದಲ್ಲಿ ಜಗತ್ತಿನ 20 ಸಂಸ್ಥೆಗಳು ‘ಎಕ್ಸಾಂ’ ಎಂಬ ಹೆಸರಿನಲ್ಲಿ ಇದನ್ನೇ ಮಾಡಿದವು. ಎದೆಯ ಎಕ್ಸ್‌ರೇ, ರಕ್ತದ ವರದಿ, ಸ್ಯಾಚುರೇಷನ್ನಿನಂಥ ಅಂಕಿಗಳಿಂದ ರೋಗಿಗೆ ಮುಂದೆ ಎಷ್ಟು ಆಮ್ಲಜನಕ ಬೇಕಾದೀತೆಂದು ಅಂದಾಜಿಸುವ ಕೆಲಸ. ಒಂದೊಂದೇ ಆಸ್ಪತ್ರೆ ತನ್ನಷ್ಟಕ್ಕೆ ಕಲಿತದ್ದಕ್ಕಿಂತ, ಕೂಡಿ ಕಲಿತದ್ದು ಹೊಸ ಜಾಗದ ರೋಗಿಗಳಿಗೆ ಸರಾಸರಿ ಶೇ 38ರಷ್ಟು ಚೆನ್ನಾಗಿ ಒಗ್ಗಿತು ಎಂದು 2021ರಲ್ಲಿ ವರದಿ ಮಾಡಿದರು. ಹೆಪ್ಪಿನಲ್ಲೂ ಹಾಲಿನ ವಾಸನೆ ಸ್ವಲ್ಪ ಇರುತ್ತದೆ ಎನ್ನಿ. ಸಾರದಿಂದಲೇ ಮೂಲ ಮಾಹಿತಿಯನ್ನು ಹಿಂದಕ್ಕೆ ಕೆದಕಿ ತೆಗೆಯಬಹುದೆಂದು 2019ರಲ್ಲೇ ತೋರಿಸಿದವರಿದ್ದಾರೆ. ಹಾಗಾಗಿ ಹೆಪ್ಪಿಗೂ ಮುಚ್ಚಳ ಬೇಕು.

ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಲ್ಲಿ ಕಾರ್ಖಾನೆ, ಗಾರ್ಮೆಂಟ್ಸ್ ಕಾರ್ಮಿಕರ ಸಾಲು. ಕೆಂಗೇರಿ, ಕಂಬೀಪುರ ಕಡೆಯ ದೊಡ್ಡಾಸ್ಪತ್ರೆಗಳಲ್ಲಿ ರಾಮನಗರ, ಮಾಗಡಿಯಿಂದ ಬಂದ ರೈತರು. ವಿಜಯನಗರ, ಬಸವೇಶ್ವರನಗರದ ನರ್ಸಿಂಗ್ ಹೋಮುಗಳಲ್ಲಿ ನನ್ನ ಅಮ್ಮನಂಥ ನಿವೃತ್ತರ ಮನೆಯವರು. ಒಂದೊಂದು ಪಾತ್ರೆಯ ಹಾಲೂ ಬೇರೆ. ಅವುಗಳ ನಡುವೆ, ಎಂಜಿನಿಯರಿಂಗ್ ಕಾಲೇಜುಗಳ ಇಷ್ಟೊಂದು ಹುಡುಗರು. ಅಕ್ಕನ ಮಗನಿಗೆ ಮೂರು ಮೆಟ್ರೊ ಸ್ಟೇಷನ್ ದಾಟಿದರೆ ಸಿಗುವ ಐಸಿಯು ಒಳಗೆ ಒಂದು ದಿನ ಕೂರಲು ಅನುಮತಿ ಸಿಗಲಿಲ್ಲ. ಬಾಸ್ಟನ್ನಿನ ನಲವತ್ತು ಸಾವಿರಕ್ಕೂ ಹೆಚ್ಚು ಐಸಿಯು ರೋಗಿಗಳ ಮಾಹಿತಿ, ನೀತಿಪಾಠದ ಒಂದು ಆನ್‌ಲೈನ್ ಪರೀಕ್ಷೆ ಪಾಸು ಮಾಡಿ ಅರ್ಜಿ ಹಾಕಿದ ಮೇಲೆ, ಹಣವಿಲ್ಲದೆ ಸಿಕ್ಕಿತು. ಅವರನ್ನು ನಾನು ದೂರುವುದಿಲ್ಲ, ಹುಡುಗನನ್ನೂ ದೂರುವುದಿಲ್ಲ.

ಸಿಕ್ಕ ಮಾಹಿತಿಯಲ್ಲೂ ಸ್ಯಾಚುರೇಷನ್ 74 ಎಂದಷ್ಟೇ ಇರುತ್ತದೆ. ಪಕ್ಕದಲ್ಲಿ ರಾಮನಾಮ ನಡೆದಿತ್ತು ಎಂದು ಬರೆದಿರುವುದಿಲ್ಲ.

ಅವತ್ತು ಬೆಳಗಿನ ಜಾವ ಐದನೇ ಸಲ ಕೂಗಿದಾಗ ಹಾವೇರಿಯ ಸಿಸ್ಟರ್ ಎದ್ದು ಬಂದಳು. ಈ ಸಲ ಗುಂಡಿ ಒತ್ತಲಿಲ್ಲ. ಸ್ವಲ್ಪ ಹೊತ್ತು ಅಮ್ಮನ ಬಲಗೈಯನ್ನೇ ನೋಡುತ್ತ ನಿಂತಳು. ಕ್ಲಿಪ್ಪನ್ನು ಎಡಗೈಗೆ ಹಾಕೋಣವೆಂದರೆ ಎಡತೋಳಿಗೆ ಬಿಪಿ ಪಟ್ಟಿ ಸುತ್ತಿತ್ತು. ಅದು ಉಬ್ಬಿದಾಗಲೆಲ್ಲ ಬೆರಳಿಗೆ ರಕ್ತ ನಿಂತು ಮತ್ತೆ ಕೂಗು. ಡ್ರಿಪ್ ತೆಗೆದಾಗಿತ್ತು, ಹಾಗಾಗಿ ಎರಡೂ ಕೈ ಅವಳ ವಶದಲ್ಲಿದ್ದವು. ಬಿಪಿ ಪಟ್ಟಿ ಬಿಚ್ಚಿ ಬಲತೋಳಿಗೆ ಕಟ್ಟಿದಳು. ಕ್ಲಿಪ್ಪು ತೆಗೆದು ಎಡಗೈಯ ಬೆರಳಿಗೆ ಸಿಕ್ಕಿಸಿದಳು. ಅಂಕಿ ಮೆಲ್ಲಗೆ ಏರಿ 97ಕ್ಕೆ ನಿಂತಿತು.

‘ಈಗ ಮಾಡ್ರಿ ಅಜ್ಜಿ. ಎಷ್ಟಾತು?’

‘ಆರ್ನೂರ ಹನ್ನೆರಡು. ನೀನು ಮಧ್ಯ ಮಾತಾಡಿಸ್ಬೇಡ.’

ಏಳು ಗಂಟೆಗೆ ಪಾಳಿ ಬದಲಾಯಿತು. ಹೋಗುವ ಮುಂಚೆ ಅವಳು ಕಾಲಬುಡದ ಚಾರ್ಟಿನಲ್ಲಿ ಏನೋ ಬರೆದು ನೇತುಹಾಕಿದಳು. ಬಗ್ಗಿ ನೋಡಿದೆ. ಅಂಕಿಗಳ ಕೆಳಗೆ, ಖಾಲಿ ಜಾಗದಲ್ಲಿ, ಕನ್ನಡದಲ್ಲಿತ್ತು: ‘ಕ್ಲಿಪ್ ಎಡಗೈಗೆ. ಬಲಗೈಲಿ ಎಣಿಸ್ತಾರೆ.’